ಮಿಸ್ ಹೋಲ್ಡರ್ ಮತ್ತು ಕಾಕಾನ ಗೋಡೆ

ಕಳೆದ ವಾರ ಅಕ್ಕ ಧಾರವಾಡದಿಂದ ಕಳಿಸಿದ ಖಾರದಪುಡಿಯ ಪೊಟ್ಟಣ ಕತ್ತರಿಸಿದೆ. ಘಾಟು ಮೂಗಿಗೆ ಬಡಿದು ಸಾಲುಸಾಲಾಗಿ ಸೀನು ಬಂತು. ಬೇರೆಯವರಿಗಾದರೆ ಬ್ಯಾಡಗಿ ಮೆಣಸಿನಕಾಯಿಯ ಘಾಟಿಗೆ ತವರುಮನೆ ನೆನಪಾಗುತ್ತದೆ. ನನಗೆ ನೆನಪಾದದ್ದು ನಾವು ಲಂಡನ್ನಿನಲ್ಲಿ ಆಡಿದ ಒಂದು ಇಂಗ್ಲಿಷ್ ನಾಟಕ! ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆತು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಗತೊಡಗಿದೆ. "ಏನಾತು?" ಎಂದು ಗಂಡ ಹೊರಗಿನಿಂದ ಕೂಗಿದರು. "ಮಿಸ್ ಹೋಲ್ಡರ್ ಬಂದಾರ," ಅಂದೆ. ಅವರು ಮತ್ತೆ ಏನೂ ಕೇಳಲಿಲ್ಲ. ಆ ಬೇಸಿಗೆಯುದ್ದಕ್ಕೂ ಆ ಹೆಸರು ಕೇಳಿ ಕೇಳಿ ಅವರಿಗೆ ಸಾಕಾಗಿ ಹೋಗಿತ್ತು.

ಎಂಥ ಬೇಸಿಗೆ ಅದು! ಲಂಡನ್ನಿನ ಬಿಸಿಲೂ ಒಂದು ಬಿಸಿಲೇ ಎಂದು ಸದಾ ಹೀಯಾಳಿಸುತ್ತಿದ್ದ ನಾನೇ ಆ ವರ್ಷ ಬಾಯಿ ಮುಚ್ಚಿಕೊಂಡೆ. ರೇನರ್ಸ್ ಲೇನಿನ ನಮ್ಮ ಮನೆಯ ಹಿಂದಿನ ಹುಲ್ಲು ಒಣಗಿ ಜೋಳದ ಕಣಿಕೆಯ ಬಣ್ಣಕ್ಕೆ ತಿರುಗಿತ್ತು. ಟ್ಯೂಬ್ ರೈಲಿನ ಡಬ್ಬಿಗಳಲ್ಲಿ ಜನ ಉಸಿರುಗಟ್ಟಿ ಕೂತಿರುತ್ತಿದ್ದರು. ನಾನು ವಾರದಲ್ಲಿ ಕೆಲವು ದಿನ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಅದರ ಒಳಗೆ ಸ್ವಲ್ಪ ತಂಪಿತ್ತು. ಹಾಗಾಗಿ ಆ ವರ್ಷ ಓದುವವರಿಗಿಂತ ತಣ್ಣಗೆ ಕೂರಲು ಬರುವವರೇ ಹೆಚ್ಚು. ಮಾರ್ವಾ ಅವರೂ ತಂಪಿಗಾಗಿಯೇ ಬರುತ್ತಾರೆ ಎಂದುಕೊಂಡಿದ್ದೆ.

ಮಾರ್ವಾ ಎಪ್ಪತ್ತು ದಾಟಿದ, ನೆಟ್ಟಗೆ ನಡೆಯುವ, ಕಪ್ಪು ಹೆಂಗಸು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಬಂದಾಗಲೆಲ್ಲ ನನ್ನ ಮೇಜಿನ ಮುಂದೆ ನಿಂತು, ಈ ಭಾಗದಲ್ಲಿ ಬಹಳ ಹಿಂದೆ ಬರುತ್ತಿದ್ದ ಒಂದು ಪತ್ರಿಕೆ ಇದೆಯೇ ಎಂದು ಕೇಳುತ್ತಿದ್ದರು. ಮೊದಲ ಸಲ ಹುಡುಕಿದೆ, ಇರಲಿಲ್ಲ. ಎರಡನೆಯ ಸಲ ಬೇರೆ ಲೈಬ್ರರಿಗಳಿಗೂ ಫೋನ್ ಮಾಡಿದೆ, ಅಲ್ಲೂ ಇರಲಿಲ್ಲ. ಮೂರನೆಯ ಸಲ ನನಗೆ ಸಿಟ್ಟೇ ಬಂತು. "ಎಲ್ಲೂ ಇಲ್ಲ ಅಂತ ಹೇಳಿದ್ನಲ್ಲ?" ಅಂದೆ.

ಅವರ ಉತ್ತರವನ್ನು ಬರೆಯುವ ಮುಂಚೆ ಒಂದು ಮಾತು. ಮಾರ್ವಾ ಅವರ ಇಂಗ್ಲಿಷಿನಲ್ಲಿ ಬಾರ್ಬಡೋಸ್ ದ್ವೀಪದ ಎಳೆತವಿತ್ತು. ನನ್ನ ಕಿವಿಗೆ ಅದು ಥೇಟ್ ಧಾರವಾಡದ ಮಾತಿನ ಹಾಗೇ ಕೇಳುತ್ತಿತ್ತು: ಸೀದಾ, ಖಡಕ್, ಸುತ್ತುಬಳಸಿಲ್ಲ. ಆದ್ದರಿಂದ ನಾನು ಕೇಳಿಸಿಕೊಂಡ ಹಾಗೇ ಬರೆಯುತ್ತೇನೆ.

"ಇಲ್ಲ ಅಂತ ನನಗೂ ಗೊತ್ತದ," ಅಂದರು ಮಾರ್ವಾ. "ಯಾರರೆ ಒಬ್ಬರು ಹುಡುಕ್ತಾರೇನು ಅಂತ ನೋಡ್ಲಿಕ್ಕೆ ಬರ್ತೀನಿ."

ಅವತ್ತು ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಅವರ ಜೊತೆ ಹೊರಗಿನ ಬೆಂಚಿನ ಮೇಲೆ ಕೂತೆ. ಅಲ್ಲಿ ನನಗೆ ಮಿಸ್ ಇಸ್ಮಾ ಹೋಲ್ಡರ್ ಅವರ ಪರಿಚಯವಾಯಿತು.

ಮಿಸ್ ಹೋಲ್ಡರ್ ಮಾರ್ವಾ ಅವರ ತಂದೆಯ ಅಕ್ಕ. ಹಡಗು ಹತ್ತಿ ಒಬ್ಬಳೇ ಲಂಡನ್ನಿಗೆ ಬಂದವಳು; ತಮ್ಮನ ಸಂಸಾರ ಆಮೇಲೆ ಬಂತು. ಹಗಲು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಸಂಜೆ ಕ್ವೀನ್ಸ್‌ಬರಿಯ ಒಂದು ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಪತ್ರಿಕೆ ನಡೆಸುತ್ತಿದ್ದಳು. ಪತ್ರಿಕೆ ಎಂದರೆ ಕೆಲವೇ ಹಾಳೆ. ತಾನೇ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುವಿ ತೆಗೆದದ್ದು. ಹಿಡಿಕೆ ತಿರುವುವುದು, ಸ್ಟೇಷನ್ನಿನ ಮುಂದೆ ನಿಂತು ಮಾರುವುದು ಪುಟ್ಟ ಮಾರ್ವಾಳ ಕೆಲಸ. ಈ ಭಾಗದಲ್ಲಿ ಕಪ್ಪು ಹೆಂಗಸೊಬ್ಬಳು ತನ್ನದೇ ಪತ್ರಿಕೆ ನಡೆಸಿದ್ದು ಅದೇ ಮೊದಲು ಎಂದು ಮಾರ್ವಾ ಹೇಳುತ್ತಿದ್ದರು. ಅಲ್ಲ ಎನ್ನಲು ನನ್ನ ಹತ್ತಿರ ಏನೂ ಇರಲಿಲ್ಲ.

ಆ ಕಾಲದಲ್ಲಿ ಬಾಡಿಗೆಗೆ ಕೋಣೆ ಇದ್ದವರು ಕಿಟಕಿಯಲ್ಲಿ ಒಂದು ಕಾರ್ಡು ಇಡುತ್ತಿದ್ದರಂತೆ. ಮಿಸ್ ಹೋಲ್ಡರ್ ಹ್ಯಾಟು ಹಾಕಿ, ಕೈಗವಸು ತೊಟ್ಟು, ಹೋಗಿ ಬಾಗಿಲು ತಟ್ಟುತ್ತಿದ್ದಳು. ಬಾಗಿಲು ತೆಗೆದವರು ಇವಳ ಮುಖ ನೋಡಿ, "ಅಯ್ಯೋ, ಈಗಷ್ಟೇ ಹೋಯಿತು" ಎನ್ನುತ್ತಿದ್ದರು. ಇವಳು ಥ್ಯಾಂಕ್ಸ್ ಹೇಳಿ ಬರುತ್ತಿದ್ದಳು. ಆಮೇಲೆ ದಿನವೂ ಅದೇ ಬೀದಿಯಲ್ಲಿ ಹಾದುಹೋಗಿ, ಆ ಕಾರ್ಡು ಇನ್ನೂ ಇದೆಯೇ ಎಂದು ನೋಡುತ್ತಿದ್ದಳು. ವಾರದ ಕೊನೆಗೆ ಪತ್ರಿಕೆಯಲ್ಲಿ 'ಈಗಷ್ಟೇ ಹೋಯಿತು' ಎಂಬ ಅಂಕಣ. ಬೀದಿಯ ಹೆಸರು, ಬಾಗಿಲಲ್ಲಿ ನಿಂತವರು ಆಡಿದ ಮಾತು, ಆ ಮಾತಿನ ನಂತರವೂ ಕಾರ್ಡು ಕಿಟಕಿಯಲ್ಲಿ ಎಷ್ಟು ದಿನ ಇತ್ತು. ಅಷ್ಟೇ. ಒಂದು ಬೈಗುಳವಿಲ್ಲ, ಒಂದು ಆಶ್ಚರ್ಯಸೂಚಕ ಚಿಹ್ನೆಯಿಲ್ಲ.

ಮದುವೆಗೆ ಮುಂಚೆ ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತು ಬಂದವಳು ನಾನು. ಅನ್ನ ಕಲಸಿದ ಕೈ ಹಾಗೇ ನಿಂತಿತು.

"ಆಮ್ಯಾಲೆ?"

"ಆಮ್ಯಾಲೆ ಏನು, ಒಂದಿನ ಕಲ್ಲು ಬಂತು. ಕಿಟಕಿ ಗ್ಲಾಸು ಪುಡಿಪುಡಿ."

"ಆಗ ನಿಮ್ಮ ಅತ್ತಿ ಏನಂದ್ರು?"

"ನಾ ಮೇಜಿನ ಕೆಳಗಿದ್ದೆ," ಅಂದರು ಮಾರ್ವಾ, ಮತ್ತು ಎದ್ದು ಸ್ಕರ್ಟ್ ಕೊಡವಿಕೊಂಡರು.

ಮಿಸ್ ಹೋಲ್ಡರ್ ಕಾಯಿಲೆಬಿದ್ದು ತೀರಿಕೊಂಡ ಮೇಲೆ ಕೋಣೆಯ ಸಾಮಾನು ಯಾರೋ ಒಯ್ದರು. ಹಾಳೆಗಳನ್ನು ಕೊಂಡವರು ಓದಿ, ಕೈಯಿಂದ ಕೈಗೆ ದಾಟಿಸಿ, ಕೊನೆಗೆ ಒಲೆ ಹೊತ್ತಿಸಿದ್ದರು. ಒಂದು ಪ್ರತಿಯೂ ಉಳಿದಿಲ್ಲ. ಹಳೆಯ ಕಾಲದ ಮುಖ್ಯ ವ್ಯಕ್ತಿಗಳು ಇದ್ದ ಜಾಗಕ್ಕೆ ಹೆಸರಿನ ಫಲಕ ಹಚ್ಚುವ ಕೆಲಸವನ್ನು ಇಲ್ಲಿನ ನಗರಸಭೆಯಾದ ನಮ್ಮ ಕೌನ್ಸಿಲ್ ಆ ವರ್ಷ ಕೈಗೆತ್ತಿಕೊಂಡಿತ್ತು. ಮಾರ್ವಾ ಅವರ ಮಾತನ್ನು, ಆ ಬೀದಿಯ ಒಂದಿಬ್ಬರು ಹಿರಿಯರ ಮಾತನ್ನು ನಂಬಿ ಫಲಕ ಕೊಡಲು ಅವರು ಒಪ್ಪಿದ್ದರು. ಕಟ್ಟಡದ ಮಾಲೀಕ ಹೂಂ ಅನ್ನಬೇಕು, ಅಷ್ಟೇ. ಮಾಲೀಕ ಉಹೂಂ ಅಂದಿದ್ದ. ಸೆಪ್ಟೆಂಬರ್ ಕೊನೆಗೆ ಆ ಕಟ್ಟಡಕ್ಕೆ ಅಟ್ಟಣಿಗೆ ಕಟ್ಟಿ ಮೇಲಿನ ಕೋಣೆಯನ್ನು ಒಡೆದು ಫ್ಲಾಟ್ ಮಾಡುವವರಿದ್ದರು.

"ಆಕಿ ಟೈಪ್ ಮಾಡೂದನ್ನ ಕಣ್ಣಾರೆ ಕಂಡಾಕಿ ಈಗ ನಾ ಒಬ್ಬಾಕಿನೇ," ಅಂದರು ಮಾರ್ವಾ. "ನಾ ಹೋದ್ರ ಆಕಿ ಇದ್ದೇ ಇಲ್ಲ."

"ಮಾಲೀಕ ಯಾರು?"

"ಯಾರೋ ನಿಮ್ಮ ಕಡೆಯವರ ಇರಬೇಕು. ಕೆಳಗ ಕಿರಾಣಿ ಅಂಗಡಿ ಅದ."

ಹೋಗಿ ನೋಡಿದರೆ ನಮ್ಮ ಗುರುಬಸಪ್ಪ ಕಾಕಾ! ಲಂಡನ್ನಿನ ಈ ಮೂಲೆಯಲ್ಲಿ ಬಿಳಿಜೋಳದ ಹಿಟ್ಟು, ಗುರೆಳ್ಳು, ಅಗಸಿ, ಬ್ಯಾಡಗಿ ಮೆಣಸಿನಕಾಯಿ ಬೇಕೆಂದವರು ಹೋಗುವುದು ವಿಜಯಪುರದ ಈ ಕಾಕಾನ ಅಂಗಡಿಗೇ. ವರ್ಷಗಟ್ಟಲೆ ನಾನು ಜೋಳದ ಹಿಟ್ಟು ಹೊತ್ತು ತಂದ ಅಂಗಡಿಯ ಮೇಲೆಯೇ ಮಿಸ್ ಹೋಲ್ಡರ್ ಕೂತು ಟೈಪ್ ಮಾಡಿದ್ದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತಾಯಿತು ಎಂದು ಖುಷಿಯಿಂದ ಒಳಗೆ ನುಗ್ಗಿದೆ.

ಕಾಕಾ ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ತಕ್ಕಡಿ ಒರೆಸುತ್ತ, "ಆಗೂದಿಲ್ಲವಾ ತಂಗಿ," ಅಂದರು.

"ಯಾಕ್ರಿ ಕಾಕಾ?"

"ಬೋರ್ಡ್ ಹಚ್ಚಿದ ಮ್ಯಾಲ ಗ್ವಾಡಿ ನಂದಾಗಿ ಉಳೀತೈತೇನು? ನಾಳೆ ಮೊಳಿ ಹೊಡೀಬೇಕಂದ್ರೂ ಕೌನ್ಸಿಲ್‌ನವರ ಕಾಲ ಹಿಡೀಬೇಕು."

ಹಾಗೇನೂ ಇಲ್ಲ ಎಂದು ಕೌನ್ಸಿಲ್‌ನವರೇ ಹೇಳಿದ್ದನ್ನು ಹೇಳಿದೆ. ಅವರು ತಲೆಯಾಡಿಸುತ್ತಲೇ ಇದ್ದರು. ಅಸಲಿ ಮಾತು ಆಮೇಲೆ ಬಂತು, ದನಿ ಇಳಿಸಿ. ಹಿಂದಿನ ವರ್ಷ ಯಾರೋ ರಾತ್ರೋರಾತ್ರಿ ಅವರ ಅಂಗಡಿಯ ಶಟರ್ ಮೇಲೆ ಕೆಟ್ಟ ಮಾತು ಬರೆದು ಹೋಗಿದ್ದರು. ಕಾಕಾ ಯಾರಿಗೂ ಹೇಳದೆ ಬೆಳಗಾಗುವುದರೊಳಗೆ ಅದರ ಮೇಲೆ ಬಣ್ಣ ಬಳಿದಿದ್ದರು. ಬಾಗಿಲ ಮೇಲಿದ್ದ ತಮ್ಮ ಹೆಸರಿನ ಕನ್ನಡ ಬೋರ್ಡನ್ನೂ ತೆಗೆದು ಒಳಗಿಟ್ಟಿದ್ದರು. ಅದು ಎಲ್ಲಿ ಹೋಯಿತೆಂದು ನಮಗೆ ಒಬ್ಬರಿಗೂ ಹೊಳೆದಿರಲಿಲ್ಲ, ನೋಡಿ!

"ಕಣ್ಣಿಗೆ ಬೀಳದಂಗ ಇದ್ರ ಚಲೋ ತಂಗಿ. ಅಕಿನ ಹೆಸರ ಹಚ್ಚಿದ್ರ ಅಕಿಗೇನೂ ಆಗೂದಿಲ್ಲ. ಕಲ್ಲ ಬಿದ್ರ ನನ್ನ ಗ್ಲಾಸಿಗೆ ಬೀಳತೈತಿ."

ಹಿಟ್ಟಿನ ಚೀಲ ಹೊತ್ತುಕೊಂಡು ಬಂದೆ. ಆದರೆ ಟ್ಯೂಬಿನಲ್ಲಿ ಕೂತವಳಿಗೆ ವೆಂಬ್ಲಿ ಪಾರ್ಕ್ ಬರುವುದರೊಳಗೆ ಒಂದು ಯೋಚನೆ ಹೊಳೆಯಿತು. ರೈಲು ಬದಲಿಸುವುದನ್ನು ಮರೆತು ಮುಂದಿನ ಸ್ಟೇಷನ್ನಿಗೆ ಹೋಗಿ ಇಳಿದೆ.

ಸೆಪ್ಟೆಂಬರ್ ಮೊದಲಲ್ಲಿ ಆ ಭಾಗದ ಸಮುದಾಯ ಭವನದಲ್ಲಿ 'ನಮ್ಮ ನೆರೆಹೊರೆ' ಎಂಬ ಸಂಜೆ ಇತ್ತು. ಒಂದೊಂದು ಭಾಷೆಯವರೂ ಈ ಊರಿಗೆ ಸಂಬಂಧಪಟ್ಟದ್ದೇನನ್ನಾದರೂ ತೋರಿಸಬೇಕು. ನಮ್ಮ ಕನ್ನಡ ಗುಂಪಿನವರು ಎಂದಿನಂತೆ ಕೋಲಾಟ ಎಂದುಕೊಂಡಿದ್ದರು. ನಾನು ಸಭೆಯಲ್ಲಿ ಎದ್ದು ನಿಂತು, ಕೋಲಾಟಕ್ಕೂ ಕ್ವೀನ್ಸ್‌ಬರಿಗೂ ಏನು ಸಂಬಂಧ, ನಾವು ಮಿಸ್ ಹೋಲ್ಡರ್ ಅವರ ನಾಟಕ ಆಡೋಣ, ನಾನು ಬರೆಯುತ್ತೇನೆ ಅಂದೆ. ಒಬ್ಬರು, "ನಮ್ಮವರು ಯಾರೂ ಸಿಗಲಿಲ್ವಾ?" ಅಂದರು. "ನಾವು ಈ ಊರಿಗೆ ಬಂದು ಬಾಡಿಗೆ ಮನಿ ಹುಡುಕುವಾಗ ನಮಗ ಬಾಗಲಾ ತೆಗದು ಕೊಟ್ಟಾಕಿ ಆಕಿ. ಇನ್ನೆಂಥಾ ನಮ್ಮವರು ಬೇಕ್ರಿ ನಿಮಗ?" ಎಂದು ಹಾರಿ ಬಿದ್ದೆ. ನನಗೆ ಹೆದರಿಯೋ, ಕೋಲಾಟಕ್ಕೆ ಜನ ಸಾಲದೆಯೋ, ಒಪ್ಪಿದರು. ಮಿಸ್ ಹೋಲ್ಡರ್ ಪಾತ್ರ ಯಾರು ಮಾಡುವುದು ಎಂಬ ಪ್ರಶ್ನೆಗೆ ಒಬ್ಬ ಮಹಾಶಯ, ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡರಾಯಿತು ಅಂದ. ಅವನಿಗೆ ಅವತ್ತು ನನ್ನಿಂದ ಚಹದ ಜೊತೆಗೆ ಏನೇನು ಸಿಕ್ಕಿತೆಂದು ಇಲ್ಲಿ ಬರೆಯುವುದಿಲ್ಲ.

ಪಾತ್ರ ಮಾರ್ವಾ ಅವರದೇ. "ನಾ ಜೀವನಪೂರ್ತಿ ಇಂಜೆಕ್ಷನ್ ಕೊಟ್ಟಾಕಿ, ನಾಟಕ ಮಾಡಿದಾಕಿ ಅಲ್ಲ," ಎಂದು ಮೊದಲು ರೇಗಿದರು. ಮರುದಿನ ಹಳೆಯ ಹ್ಯಾಟು ಹಾಕಿಕೊಂಡೇ ಬಂದರು. ಲೈಟು, ಸೌಂಡು, ವ್ಯವಸ್ಥೆಯೆಲ್ಲ ಪ್ರದೀಪನದು. ಅವನು ಬೆಂಗಳೂರಿನ ಐಟಿ ಹುಡುಗ. ನಾಟಕವನ್ನೂ ಆಫೀಸಿನ ಪ್ರಾಜೆಕ್ಟಿನ ಹಾಗೆ ತುಂಡುತುಂಡು ಮಾಡಿ, ಯಾವುದು ಮುಗಿಯಿತು ಯಾವುದು ಬಾಕಿ ಎಂದು ಬಣ್ಣದ ಚೀಟಿ ಅಂಟಿಸುತ್ತಿದ್ದ.

ಇನ್ನು ತಾಲೀಮಿಗೆ ಜಾಗ. ಭಂಡ ಧೈರ್ಯ ಮಾಡಿ ಅಂಗಡಿಯ ಮೇಲಿನ ಕೋಣೆಗಾಗಿ ಕಾಕಾನನ್ನೇ ಕೇಳಿದೆ. "ನಾಟಕ ಏನು?" ಎಂದು ಅವರ ಕಣ್ಣು ಅರಳಿತು. "ಮಾಡ್ರಿ ಮಾಡ್ರಿ. ಬೋರ್ಡಂದ್ರ ಜಲ್ಮಪೂರ್ತಿ, ನಾಟಕಂದ್ರ ಒಂದ ಸಂಜಿ. ಚೀಲ ಮಾತ್ರ ಸರಿಸಬ್ಯಾಡ್ರಿ."

ಹೀಗೆ ಮಿಸ್ ಹೋಲ್ಡರ್ ಕೂತು ಬರೆದ ಅದೇ ಕೋಣೆಯಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ ನಮ್ಮ ತಾಲೀಮು ಶುರುವಾಯಿತು. ಆ ಬಿಸಿಲಿಗೆ ಕಾದ ಕೋಣೆ, ಆ ಘಾಟು! ಮನೆಯೊಡತಿಯ ಪಾತ್ರದ ಬೆಳಗಾವಿಯ ಕಸ್ತೂರಿ ಬಾಗಿಲು ತೆಗೆದು "ಈಗಷ್ಟೇ..." ಎನ್ನುವಳು, ಸೀನುವಳು. ಮಾರ್ವಾ "ಥ್ಯಾಂಕ್ಯೂ" ಎನ್ನುವರು, ಸೀನುವರು. ಮೊದಲ ದಿನ ನಾವು ನಕ್ಕಿದ್ದೇ ಬಂತು, ತಾಲೀಮು ಆಗಲಿಲ್ಲ. ಆದರೆ ಮಾರ್ವಾ ನಡುವೆ ಎದ್ದು ಹೋಗಿ ಕಿಟಕಿಯ ಪಕ್ಕ ಒಂದು ಜಾಗದಲ್ಲಿ ನಿಂತರು. "ಮೇಜು ಇಲ್ಲಿ. ಮಶೀನು ಅಲ್ಲಿ. ನಾ ಈ ಮೂಲ್ಯಾಗ," ಎಂದು ನೆಲ ತೋರಿಸಿದರು. ಎಲ್ಲರ ನಗುವೂ ನಿಂತಿತು. ಆಮೇಲಿನ ತಾಲೀಮುಗಳಿಗೆ ಒಬ್ಬರೂ ತಡವಾಗಿ ಬರಲಿಲ್ಲ. ಕನ್ನಡಿಗರ ಇತಿಹಾಸದಲ್ಲಿ ಇದು ಸಣ್ಣ ಮಾತಲ್ಲ.

ಮನೆಯೊಡತಿಯರ ಪಾತ್ರಗಳನ್ನು ನಮ್ಮ ಹೆಂಗಸರೇ ಮಾಡಿದರು. ಅವರಿಗೆ ಕಲಿಸುವ ಕೆಲಸವೇ ಬೀಳಲಿಲ್ಲ. ತಲೆ ಓರೆ ಮಾಡಿ, ಬಾಗಿಲನ್ನು ಅರ್ಧ ಹಿಡಿದುಕೊಂಡು, ನಗುನಗುತ್ತ ಇಲ್ಲ ಎನ್ನುವುದನ್ನು ಎಲ್ಲರೂ ಒಂದಲ್ಲ ಒಂದು ಬಾಗಿಲಲ್ಲಿ ನಿಂತು ನೋಡಿದವರೇ.

ಜಗಳ ಬಿದ್ದದ್ದು ಕಲ್ಲಿನ ದೃಶ್ಯದಲ್ಲಿ. ಕಲ್ಲು ಬಂದು ಗಾಜು ಒಡೆದ ಮೇಲೆ ಮಿಸ್ ಹೋಲ್ಡರ್ ಏನಂದಳೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿರುವವರು ಬಾಯಿ ಬಿಡುತ್ತಿಲ್ಲ. ನಾನು ಸ್ವಂತ ಕಲ್ಪನೆಯಿಂದ ಒಂದು ಭಾಷಣ ಬರೆದೆ. ನನ್ನ ಮಟ್ಟಿಗೆ ಅದು ಭಾರೀ ಆಗಿತ್ತು. "ಕಲ್ಲೆಸೆದವರೇ, ಕೇಳಿ!" ಎಂದು ಶುರುವಾಗಿ, ನ್ಯಾಯ, ಇತಿಹಾಸ, ಮುಂದಿನ ಪೀಳಿಗೆ ಎಲ್ಲವನ್ನೂ ಮುಟ್ಟಿ, ಗುಡುಗಿ ನಿಲ್ಲುತ್ತಿತ್ತು. ಮಾರ್ವಾ ಓದಿ ಕನ್ನಡಕ ತೆಗೆದರು.

"ಸುನಂದಾ, ಇದು ನಮ್ಮತ್ತಿ ಅಲ್ಲ. ಇದು ಯಾರೋ ರಾಜಾ."

"ಹಂಗಾರ ನಿಮ್ಮತ್ತಿ ಏನಂದ್ರು ಹೇಳ್ರಿ, ಅದನ್ನ ಬರೀತೀನಿ."

"ನಾ ಸಣ್ಣಾಕಿದ್ದೆ. ನೆನಪಿಲ್ಲ."

"ಮೇಜು ಎಲ್ಲಿತ್ತು ಅಂತ ನೆನಪದ, ಮಾತು ನೆನಪಿಲ್ಲೇನು?"

ಅವರು ಮೆಟ್ಟಿಲಿಳಿದು ಹೋದರು. ನನಗೂ ಕೋಪ ನೆತ್ತಿಗೇರಿತ್ತು. ಕೆಳಗೆ ಕಾಕಾ ಎಲ್ಲ ಕೇಳಿಸಿಕೊಂಡಿದ್ದರು. "ಭಾಷಣ ಇರ್ಲಿ ತಂಗಿ," ಅಂದರು ನನಗೆ. "ಮೊದಲ ನಿನ್ನ ನಾಟಕದಾಗ ಹಾಡಿಲ್ಲ, ಹಾಸ್ಯ ಇಲ್ಲ. ಅದೂ ತಗದ್ರ ಏನ ಉಳೀತೈತಿ?" ಮಾರ್ವಾ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು, ಭಾಷಣವನ್ನು ಒಂದೂ ಅಕ್ಷರ ತಪ್ಪದೆ ಬಾಯಿಪಾಠ ಒಪ್ಪಿಸಿದರು. "ನನ್ನ ಹತ್ರ ಬ್ಯಾರೆ ಇಲ್ಲ ಅಂದ ಮ್ಯಾಲೆ ನಿಂದ ಇರ್ಲಿ," ಅಂದರು. ಗೆದ್ದೆನೆಂದು ನನಗೆ ಅನ್ನಿಸಲಿಲ್ಲ.

ನಾಟಕದ ದಿನ ಶನಿವಾರ. ಸಂಜೆಯಾದರೂ ಬಿಸಿಲು ಇಳಿದಿರಲಿಲ್ಲ. ಭವನದ ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದರು. ಗುಜರಾತಿಗಳು, ತಮಿಳರು, ರೊಮೇನಿಯಾದವರು, ಮಾರ್ವಾ ಅವರ ಚರ್ಚಿನ ಹೆಂಗಸರು ದೊಡ್ಡ ದೊಡ್ಡ ಹ್ಯಾಟು ಹಾಕಿಕೊಂಡು. ಕೌನ್ಸಿಲ್‌ನಿಂದ ಫಲಕದ ಕೆಲಸ ನೋಡಿಕೊಳ್ಳುವ ಮಹಿಳೆಯೂ ಬಂದು ಹಿಂದೆ ಕೂತಿದ್ದರು. ಏರ್‌ಪೋರ್ಟಿನ ಹತ್ತಿರದ ಫೆಲ್ಥಮ್‌ನಿಂದ ನಮ್ಮ ಕನ್ನಡದವರು ಅಲ್ಲಿನ ಪಾಳಿ ಬದಲಿಸಿಕೊಂಡು ಬಂದಿದ್ದರು. ಮುಂದಿನ ಸಾಲಿನ ನಡುಮಧ್ಯದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೋಪಿ ಹಾಕಿಕೊಂಡು ಕಾಕಾ ಕೂತಿದ್ದರು, ಮದುವೆಯ ಬೀಗರ ಹಾಗೆ.

ಪ್ರದೀಪ ಮೈಕಿನಲ್ಲಿ ಸೂಚನೆ ಕೊಟ್ಟ: ಫೋನ್ ಆಫ್ ಮಾಡಿ, ಮುಗಿಯುವವರೆಗೂ ದಯವಿಟ್ಟು ಸದ್ದು ಬೇಡ. ನಾನು ಪಕ್ಕದ ಪರದೆಯ ಮರೆಯಲ್ಲಿ ಮಾತು ಮರೆತವರಿಗೆ ಎತ್ತಿಕೊಡಲು ನಿಂತೆ.

ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಕಸ್ತೂರಿ ಬಾಗಿಲು ಅರ್ಧ ತೆಗೆದು "ಈಗಷ್ಟೇ ಹೋಯಿತು" ಎಂದಾಗ ಹ್ಯಾಟಿನ ಹೆಂಗಸರು ಒಟ್ಟಿಗೆ "ಹ್ಞೂಂ... ಹ್ಞೂಂ..." ಎಂದು ತಲೆಯಾಡಿಸಿದರು. ಸದ್ದು ಬೇಡವೆಂಬ ಸೂಚನೆ ಅಲ್ಲಿಗೇ ಅರ್ಧ ಸತ್ತಿತ್ತು. ಕಲ್ಲು ಬಂತು. ಪ್ರದೀಪನ ಧ್ವನಿವರ್ಧಕದಲ್ಲಿ ಗಾಜು ಒಡೆದ ಸದ್ದಿಗೆ ನಾನೇ ಬೆಚ್ಚಿಬಿದ್ದೆ. ಮಾರ್ವಾ ಎದ್ದು ನಿಂತು ನನ್ನ ಭಾಷಣ ಶುರು ಮಾಡಿದರು. ಆಹಾ, ಎಂಥ ಕಂಠ! ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಿಂದ ಉಬ್ಬಿಹೋದೆ. ಕೊನೆಯ ವಾಕ್ಯ ಗುಡುಗಿ ನಿಂತಿತು.

ಆಗ ಮುಂದಿನ ಸಾಲಿನಿಂದ ಸಿಡಿಲು ಬಡಿದಂತೆ ಒಂದು ಕೂಗು:

"ಒನ್ಸ್ ಮೋರ್!"

ಕಾಕಾ ಎದ್ದು ನಿಂತು ಟೋಪಿ ತಿರುವುತ್ತಿದ್ದರು. "ಒನ್ಸ್ ಮೋರ್! ಒನ್ಸ್ ಮೋರ್!"

ನಮ್ಮ ಕಡೆ ಕಂಪನಿ ನಾಟಕ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಡೋ ಮಾತೋ ಮನಸ್ಸಿಗೆ ಹಿಡಿಸಿದರೆ ಜನ ಒನ್ಸ್ ಮೋರ್ ಎಂದು ಕೂಗುತ್ತಾರೆ. ನಟ ಸತ್ತು ಬಿದ್ದಿದ್ದರೂ ಎದ್ದು, ಅದನ್ನು ಇನ್ನೊಮ್ಮೆ ಮಾಡಿ ತೋರಿಸಿ, ಮತ್ತೆ ಸಾಯುತ್ತಾನೆ. ವಿಜಯಪುರದ ಟೆಂಟುಗಳಲ್ಲಿ ಬೆಳೆದ ಕಾಕಾನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಗೊತ್ತಿಲ್ಲ. ಆದರೆ ಲಂಡನ್ನಿನ ಸಮುದಾಯ ಭವನಕ್ಕೆ ಅದು ಹೇಗೆ ಗೊತ್ತಾಗಬೇಕು? ಯಾರೋ ಮುದುಕ ಆಕೆಯನ್ನು ಛೇಡಿಸುತ್ತಿದ್ದಾನೆ ಎಂದೇ ಎಲ್ಲರೂ ತಿಳಿದರು. ಹ್ಯಾಟಿನ ಹೆಂಗಸರ ಮುಖ ಗಂಟಾಯಿತು. ಒಬ್ಬಾಕೆ ಎದ್ದು ನಿಂತು, "ನಾಚಿಕೆಯಾಗಬೇಕು!" ಎಂದು ಕೂಗಿದಳು. ಬಾಗಿಲಲ್ಲಿದ್ದ ಕಾರ್ಯಕರ್ತ ಕಾಕಾನ ತೋಳು ಹಿಡಿಯಲು ಓಡಿಬಂದ. ನಮ್ಮ ಫೆಲ್ಥಮ್‌ನವರೋ, ಕಾಕಾ ಶುರು ಮಾಡಿದ್ದೇ ತಡ, ಹಿಂದಿನಿಂದ ಸೀಟಿ ಹೊಡೆಯತೊಡಗಿದರು. "ಸುನಂದಾ ಮೇಡಂ, ಏನ್ ಮಾಡ್ಲಿ? ಲೈಟ್ ಆಫ್ ಮಾಡ್ಬಿಡ್ಲಾ?" ಎಂದು ಪ್ರದೀಪ ನನ್ನ ಕಿವಿಯ ಇಯರ್‌ಫೋನಿನಲ್ಲಿ ಹಲುಬುತ್ತಿದ್ದ.

ಮಾರ್ವಾ ಕಂಬದ ಹಾಗೆ ನಿಂತಿದ್ದರು. ನನ್ನ ಕಡೆ ತಿರುಗಿ, ತುಟಿ ಅಲುಗದ ಹಾಗೆ ಕೇಳಿದರು: "ನಾ ಏನು ತಪ್ಪು ಮಾಡಿದೆ?"

"ತಪ್ಪಲ್ಲ! ಮರ್ಯಾದೆ! ಇನ್ನೊಮ್ಮೆ ಕೇಳಬೇಕಂತ ಅವರಿಗೆ!"

"ಎಲ್ಲಾ ಇನ್ನೊಮ್ಮೆ?"

"ಎಲ್ಲಾ!"

ಅವರು ಕಾಕಾನ ಕಡೆ ನೋಡಿದರು. ಕಾರ್ಯಕರ್ತನ ಕೈಯಿಂದ ತೋಳು ಬಿಡಿಸಿಕೊಳ್ಳುತ್ತ ಕಾಕಾ ಎರಡೂ ಕೈ ಜೋಡಿಸಿ ನಿಂತಿದ್ದರು. ಕಣ್ಣಲ್ಲಿ ನೀರಿತ್ತು. ಮಾರ್ವಾ ಕೈಯೆತ್ತಿ ಕಾರ್ಯಕರ್ತನನ್ನು ತಡೆದರು. ಆಮೇಲೆ ನಿಧಾನವಾಗಿ ಹೋಗಿ ಮೇಜಿನ ಮುಂದೆ ಕೂತರು. ಹ್ಯಾಟು ತೆಗೆದು ಪಕ್ಕಕ್ಕಿಟ್ಟರು. ಇದು ತಾಲೀಮಿನಲ್ಲಿ ಇರಲಿಲ್ಲ. ನಾನು ಪುಸ್ತಕದಲ್ಲಿ ಬೆರಳಿಟ್ಟು, "ಕಲ್ಲೆಸೆದವರೇ" ಎಂದು ಪಿಸುಗುಟ್ಟಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ನಮ್ಮತ್ತಿ ಭಾಷಣಾ ಮಾಡ್ಲಿಲ್ಲ," ಅಂದರು ಮಾರ್ವಾ. ಮೊದಲಿನ ಕಂಠವಲ್ಲ, ಬೆಂಚಿನ ಮೇಲೆ ಕೂತು ಮಾತಾಡುವ ದನಿ. "ಅರ್ಧ ಟೈಪ್ ಮಾಡಿದ ಸಾಲು ಇತ್ತು, ಅದನ್ನ ಮುಗಿಸಿದ್ಲು. ಆಮ್ಯಾಲೆ ಮೇಜಿನ ಕೆಳಗ ಬಗ್ಗಿ, ಮಾರ್ವಾ, ತಲ್ಯಾಗ ಗ್ಲಾಸ್ ಸಿಕ್ಕದೇನು ನೋಡ್ತೀನಿ, ಅಲ್ಲಾಡಬ್ಯಾಡ ಅಂದ್ಲು. ನನ್ನ ಕೂದಲಾಗಿಂದ ಒಂದೊಂದೇ ಚೂರು ತೆಗೆದ್ಲು. ನಾ ಅಳ್ತಿದ್ದೆ. ಅತ್ತಿ, ಪೇಪರ್ ಮ್ಯಾಲಿನ ನಮ್ಮ ವಿಳಾಸಾ ತೆಗೆದುಬಿಡು, ಅವರು ಮತ್ತ ಬರ್ತಾರ ಅಂದೆ. ಕಾಲು ಹಿಡಕೊಂಡು ಬೇಡಿಕೊಂಡೆ. ಇಷ್ಟು ವರ್ಷ ಇದನ್ನ ನಾ ಯಾರಿಗೂ ಹೇಳಿಲ್ಲ, ಯಾಕಂದ್ರ ಆಕಿ ಅಷ್ಟು ದೊಡ್ಡಾಕಿ, ಆಕಿ ಮುಂದ ಹೆದರಿ ಬೇಡಿಕೊಂಡದ್ದು ನನಗ ನಾಚಿಕಿ ಅನಿಸ್ತಿತ್ತು."

ಪರದೆಯ ಹಿಂದೆ ನನ್ನ ಕೈಯ ಪುಸ್ತಕ ಯಾವಾಗ ಕೆಳಗೆ ಬಿತ್ತೋ ಗೊತ್ತಿಲ್ಲ.

"ಆ ವಾರದ ಪೇಪರ್ ಬಂತು. ಮ್ಯಾಲೆ ಮೂಲ್ಯಾಗ ಸಣ್ಣದಾಗಿ ಇರ್ತಿದ್ದ ವಿಳಾಸ, ಆ ವಾರ ಹಾಳಿ ತುಂಬ ಇತ್ತು. ಈ ಗಾತ್ರದ ಅಕ್ಷರ. ಹುಚ್ಚೀ, ಯಾಕ ಹಿಂಗ ಮಾಡಿದಿ ಅಂತ ನಮ್ಮಪ್ಪ ಬೈದ. ನಮ್ಮತ್ತಿ ಅಂದ್ಲು: ಕಲ್ಲು ಒಗಿಯಾವರು ಹ್ಯಾಂಗೂ ಹುಡುಕ್ಕೊಂಡು ಬರ್ತಾರ. ಕೋಣಿ ಸಿಗದವರು, ಕೆಲಸ ಸಿಗದವರು, ಹೇಳಿಕೊಳ್ಳಿಕ್ಕೆ ಜಾಗ ಇಲ್ಲದವರು, ಅವರಿಗೂ ಸಿಗಬೇಕಲ್ಲ ನಾವು?"

ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದೆ. ಹಾಳಾಗಿ ಹೋಗಲಿ ನನ್ನ ಭಾಷಣ!

ಅಷ್ಟರಲ್ಲಿ ಕಾಕಾ ರಂಗದ ಮೆಟ್ಟಿಲು ಹತ್ತಿ ಬಂದೇಬಿಟ್ಟರು. ಕಾರ್ಯಕರ್ತ ಈ ಸಲ ತಡೆಯಲಿಲ್ಲ. ಕಂಪನಿ ನಾಟಕದಲ್ಲಿ ಇದೂ ಒಂದು ಪದ್ಧತಿ. ನಟರ ಕೆಲಸ ಎದೆಗೆ ತಾಕಿದರೆ ಆಟದ ನಡುವೆಯೇ ನೋಡುವವರು ರಂಗ ಹತ್ತಿ, ಮೈಕ್ ಹಿಡಿದು, ತಮ್ಮ ಹೆಸರು, ಊರು, ಕೊಡುವ ಉಡುಗೊರೆ ಹೇಳಿ ಆಹೇರಿ ಮಾಡುತ್ತಾರೆ. ರಾಜನೋ ರಾಕ್ಷಸನೋ, ಅಷ್ಟು ಹೊತ್ತು ನಿಂತ ಕಡೆಯೇ ನಿಂತು ಕಾಯಬೇಕು. ಕಾಕಾ ಹೆಗಲ ಮೇಲಿನ ಶಲ್ಯ, ನಮ್ಮ ಕಡೆಯ ವಲ್ಲಿ, ತೆಗೆದು ಮಾರ್ವಾ ಅವರಿಗೆ ಹೊದಿಸಿದರು. ಮೈಕಿನ ಮುಂದೆ ಬಂದು, ಟೋಪಿ ಸರಿಮಾಡಿಕೊಂಡು, ಶುದ್ಧ ವಿಜಯಪುರದ ಕನ್ನಡದಲ್ಲಿ, ಭವನ ಹಾರಿಹೋಗುವ ಹಾಗೆ ಹೇಳಿದರು:

"ವಿಜಯಪುರದ ಗುರುಬಸಪ್ಪ, ಸದ್ಯ ಮುಕ್ಕಾಮ ಕ್ವೀನ್ಸ್‌ಬರಿ! ಶಟರ್ ಮ್ಯಾಲ ನಾಕ ಅಕ್ಷರ ಬರದ್ರಂತ ಹೆದರಿ ನನ್ನ ಹೆಸರ ನಾನ ಬಿಚ್ಚಿ ಒಳಗಿಟ್ಟಾವ ನಾನು. ಈ ತಾಯಿ ಕಲ್ಲ ಬಿದ್ದ ಮ್ಯಾಲ ದೊಡ್ಡ ಅಕ್ಷರದಾಗ ಬರದಾಳ. ಈ ತಾಯಿಗೆ ನನ್ನ ಅಂಗಡಿ ಗ್ವಾಡಿ ಆಹೇರಿ! ಎಷ್ಟ ದೊಡ್ಡ ಬೋರ್ಡ್ ಬೇಕೋ ಅಷ್ಟ ದೊಡ್ಡದು ಹಚ್ಚರಿ!"

ನಮ್ಮವರು ಎದ್ದು ನಿಂತು ಕೇಕೆ ಹಾಕಿದರು. ಉಳಿದವರು ಒಂದಕ್ಷರವೂ ತಿಳಿಯದೆ ಮುಖ ಮುಖ ನೋಡಿಕೊಂಡರು. ಮಾರ್ವಾ ವಲ್ಲಿ ಹೊದ್ದುಕೊಂಡೇ ನನ್ನ ಕಡೆ ತಿರುಗಿದರು.

"ಏನಂತಾರ ಇವರು?"

ನಾನು ಪರದೆಯ ಮರೆಯಿಂದ ಹೊರಬಂದೆ. ನನ್ನ ಮುಖವೆಲ್ಲ ಕಣ್ಣೀರು, ಮೂಗೆಲ್ಲ ಕೆಂಪು. ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ: "ನಿಮ್ಮತ್ತಿಗೆ ಗ್ವಾಡಿ ಕೊಟ್ರು."

ಭವನವೆಲ್ಲ ಒಮ್ಮೆಲೇ ಎದ್ದಿತು. ಹ್ಯಾಟುಗಳು ಹಾರಿದವು. ನಾಚಿಕೆಯಾಗಬೇಕು ಎಂದಿದ್ದ ಹೆಂಗಸೇ ಎಲ್ಲರಿಗಿಂತ ಗಟ್ಟಿಯಾಗಿ ಒನ್ಸ್ ಮೋರ್ ಎನ್ನತೊಡಗಿದಳು. ಮಾರ್ವಾ ಮಾತ್ರ ಅಲ್ಲಾಡಲಿಲ್ಲ. ಕಾಕಾನನ್ನು ಒಮ್ಮೆ ನೋಡಿದರು. ಆಮೇಲೆ ಹ್ಯಾಟು ಎತ್ತಿ ತಲೆಗೆ ಹಾಕಿಕೊಂಡರು, ಕೈಗವಸು ಎಳೆದುಕೊಂಡರು, ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆಗೆ ಕೈ ಹಾಕಿದರು.

"ಇವರಿಗೆ ಥ್ಯಾಂಕ್ಸ್ ಹೇಳು ಸುನಂದಾ," ಅಂದರು. "ಆಮ್ಯಾಲೆ ಕೆಳಗ ಹೋಗಿ ಕೂಡ್ಲಿಕ್ಕೆ ಹೇಳು. ನಾಳೆ ಪೇಪರ್ ಹೊರಗ ಬರಬೇಕು, ಇನ್ನೂ ಅರ್ಧ ಹಾಳಿ ಖಾಲಿ ಅದ."